ಹಳ್ಳಿಯೂ ಅಲ್ಲದ, ಪೇಟೆಯೂ ಅಲ್ಲದ ಊರು: ಅಭ್ಯರ್ಥಿಯ ಮುಂದಿರಬೇಕಾದ ಆದ್ಯತೆಗಳು

(ಪಟ್ಟಣ ಪಂಚಾಯಿತಿ ಚುನಾವಣೆಗಳ ಕುರಿತು ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಸಿದ್ದಾಪುರದಂಥ ಮಲೆನಾಡಿನ ಸಣ್ಣ ಪಟ್ಟಣಗಳಿಗೆ ಸಮಾನವಾದ ಒಂದು ಲಕ್ಷಣವಿದೆ. ಬಸ್ ನಿಲ್ದಾಣದ ಎದುರು ಬಹುಮಹಡಿ ಕಟ್ಟಡ ಎದ್ದಿರುತ್ತದೆ. ಅಲ್ಲಿಂದ ಕೂಗಳತೆಯ ದೂರದಲ್ಲಿ ಅಡಿಕೆ ತೋಟ, ಅದರಾಚೆಗೆ ಗದ್ದೆಬೈಲು, ಮತ್ತೂ ಮೇಲೆ ಕಾನು. ಬೆಳಿಗ್ಗೆ ಕೊಟ್ಟಿಗೆಯ ಕೆಲಸ ಮುಗಿಸಿದವರೇ ಹತ್ತು ಗಂಟೆಗೆ ಪೇಟೆಯ ಅಂಗಡಿಯ ಬಾಗಿಲು ತೆರೆಯುತ್ತಾರೆ. ಇಂಥ ಊರನ್ನು ಆಳುವ ಸಂಸ್ಥೆಯ ಚುನಾವಣೆಗೆ ನಿಲ್ಲುವವರು ಯಾವುದಕ್ಕೆ ಮೊದಲ ಸ್ಥಾನ ಕೊಡಬೇಕು ಎಂಬುದು ಇಲ್ಲಿಯ ವಿಚಾರ.

ಸಂವಿಧಾನದ 74ನೇ ತಿದ್ದುಪಡಿಯು 1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಗ್ರಾಮದ ಸ್ಥಿತಿಯಿಂದ ನಗರದ ಸ್ಥಿತಿಗೆ ಸಾಗುತ್ತಿರುವ ಪ್ರದೇಶವೆಂದು ಅದು ಇಂಥ ಊರುಗಳನ್ನು ಗುರುತಿಸಿತು; ಅವುಗಳಿಗೆ ಪಟ್ಟಣ ಪಂಚಾಯಿತಿ ಎಂಬ ಆಡಳಿತ ಸಂಸ್ಥೆಯನ್ನು ಕಲ್ಪಿಸಿತು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯು ಇದಕ್ಕೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಸಾವಿರದ ಜನಸಂಖ್ಯೆಯನ್ನೂ, ದುಡಿಯುವವರಲ್ಲಿ ಅರ್ಧದಷ್ಟಾದರೂ ಜನ ಕೃಷಿಯೇತರ ಕಸುಬಿನಲ್ಲಿರುವುದನ್ನೂ ಮಾನದಂಡವಾಗಿಸಿದೆ.

ಹಳ್ಳಿಯೊಂದು ಪಟ್ಟಣವೆಂದು ಘೋಷಿತವಾದಾಗ ಜನರಿಗೆ ಬೀದಿದೀಪ, ಕಾಂಕ್ರೀಟ್ ರಸ್ತೆ ಮುಂತಾದವು ಬರುತ್ತವೆ. ಅದರೊಡನೆ ಕೆಲವು ಹಕ್ಕುಗಳು ಸದ್ದಿಲ್ಲದೆ ಕೈಬಿಡುತ್ತವೆ. ಗ್ರಾಮ ಪಂಚಾಯಿತಿಯ ಜನರಿಗೆ ವಾರ್ಡ್ ಸಭೆ, ಗ್ರಾಮ ಸಭೆಗಳು ಕಾನೂನಿನಿಂದಲೇ ಬಂದಿವೆ. ಪಟ್ಟಣದಲ್ಲಿ ಗ್ರಾಮ ಸಭೆಯಿಲ್ಲ. ಸಂವಿಧಾನವು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಪ್ರದೇಶಕ್ಕೆ ಸೀಮಿತವಾಗಿತ್ತು. 2025ರ ಕೊನೆಯಲ್ಲಿ ಅದರ ಸ್ಥಾನಕ್ಕೆ ಬಂದ ಕಾನೂನೂ ಗ್ರಾಮಗಳಿಗೇ ಸಂಬಂಧಿಸಿದ್ದು. ಹೀಗೆ ಪಟ್ಟಣದ ಅಂಚಿನ ಕೂಲಿಕಾರರು ಹಳ್ಳಿಯ ಸವಲತ್ತನ್ನು ಕಳೆದುಕೊಂಡು, ನಗರದ ಸೌಲಭ್ಯವನ್ನೂ ಪೂರ್ತಿಯಾಗಿ ಪಡೆಯದೆ ನಡುವೆ ಉಳಿಯುತ್ತಾರೆ. ಸದಸ್ಯನಾಗ ಬಯಸುವವನು ಮೊದಲು ಅರಿಯಬೇಕಾದದ್ದು ಈ ಸ್ಥಿತಿಯನ್ನು.

ಪಟ್ಟಣದ ಚುನಾವಣೆ ಹಳ್ಳಿಯವರಿಗೇಕೆ?

ಪಟ್ಟಣದಲ್ಲಿ ಮತವಿಲ್ಲದ ಹಳ್ಳಿಯವರಿಗೆ ಈ ಚರ್ಚೆ ಏಕೆ ಬೇಕೆಂಬ ಪ್ರಶ್ನೆ ಸಹಜ. ಪಟ್ಟಣ ಕುಡಿಯುವ ನೀರು ಮೇಲಿನ ಹಳ್ಳಿಗಳ ಕಾಡು, ಬ್ಯಾಣ, ಗದ್ದೆಗಳಲ್ಲಿ ಇಂಗಿ ಹರಿದು ಬಂದದ್ದು. ಪಟ್ಟಣ ಬಿಡುವ ಕೊಳಚೆ ಕೆಳಗಿನ ಹಳ್ಳಿಗಳ ಹೊಳೆಗೆ ಸೇರುತ್ತದೆ. ಪಟ್ಟಣದ ಕಸಕ್ಕೆ ಜಾಗ ಹುಡುಕುವಾಗ ಅಧಿಕಾರಿಗಳ ಕಣ್ಣು ಬೀಳುವುದೂ ಸಮೀಪದ ಹಳ್ಳಿಯ ಗೋಮಾಳದ ಮೇಲೆಯೇ. ನಿರ್ಣಯ ಪಟ್ಟಣದಲ್ಲಿ ಆಗುತ್ತದೆ, ಪರಿಣಾಮ ಹಳ್ಳಿಗೆ ಬರುತ್ತದೆ.

ತುಂಗಾ ಮತ್ತು ಭದ್ರಾ ನದಿಗಳ ವಿಷಯದಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಭದ್ರೆಯ ಮೇಲ್ಭಾಗದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ಫಲವಾಗಿ 2005ರ ಕೊನೆಗೆ ನಿಂತಿತು. ಅದೊಂದು ದೊಡ್ಡ ಗೆಲುವು. ಅಲ್ಲಿ ಎದುರಾಳಿಯನ್ನು ಬೊಟ್ಟುಮಾಡಿ ತೋರಿಸುವುದು ಸುಲಭವಾಗಿತ್ತು. ಈಗ ಹೊಳೆಗೆ ಕೊಳಕು ಸೇರುತ್ತಿರುವುದು ಪಟ್ಟಣದ ಪ್ರತಿ ಮನೆಯ ಬಚ್ಚಲಿನಿಂದ, ಪ್ರತಿ ಹೋಟೆಲಿನ ಹಿತ್ತಿಲಿನಿಂದ. ಇದನ್ನು ನಿಲ್ಲಿಸಲು ನ್ಯಾಯಾಲಯಕ್ಕಿಂತ ಹೆಚ್ಚಾಗಿ ಪಟ್ಟಣ ಪಂಚಾಯಿತಿಯ ಸದಸ್ಯರು ಬೇಕು.

ಮೊದಲ ಆದ್ಯತೆ: ಬರುವ ನೀರು, ಹೋಗುವ ನೀರು

ಒಳಚರಂಡಿ ಇಲ್ಲದ, ನಲ್ಲಿ ನೀರಿರುವ ಪಟ್ಟಣಕ್ಕೆ ದಿನಕ್ಕೆ ತಲಾ 70 ಲೀಟರ್, ಒಳಚರಂಡಿ ಇರುವ ಪಟ್ಟಣಕ್ಕೆ 135 ಲೀಟರ್ ನೀರು ಒದಗಿಸಬೇಕೆಂಬುದು ದೇಶದಲ್ಲಿ ರೂಢಿಯಲ್ಲಿರುವ ಮಾನದಂಡ. ಹದಿನೈದು ಸಾವಿರ ಜನರಿರುವ ಊರಿಗೆ ಕಡಿಮೆ ಲೆಕ್ಕವನ್ನೇ ಹಿಡಿದರೂ ದಿನಕ್ಕೆ ಹತ್ತೂವರೆ ಲಕ್ಷ ಲೀಟರ್ ಬೇಕು. ಬಳಸಿದ ನೀರಿನಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅಂದರೆ ದಿನಕ್ಕೆ ಎಂಟು ಲಕ್ಷ ಲೀಟರಿಗೂ ಹೆಚ್ಚು. ಹೊಸ ನೀರಿನ ಯೋಜನೆಯ ಭರವಸೆ ಕೊಡುವ ಅಭ್ಯರ್ಥಿ ಈ ಎಂಟು ಲಕ್ಷ ಲೀಟರ್ ಎಲ್ಲಿಗೆ ಹೋಗುತ್ತದೆಂದು ಅದೇ ಉಸಿರಿನಲ್ಲಿ ಹೇಳಬೇಕು. ನಲ್ಲಿ ಹೆಚ್ಚಿದಷ್ಟೂ ಕೊಳಚೆ ಹೆಚ್ಚುತ್ತದೆ.

ಮಲೆನಾಡಿನಲ್ಲಿ ಈ ಸಮಸ್ಯೆಗೆ ಮಳೆಯೂ ಸೇರಿಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಆಷಾಢದಲ್ಲಿ ಅಂತರ್ಜಲ ನೆಲದ ಮಟ್ಟಕ್ಕೆ ಏರಿ ನಿಂತಾಗ ಮನೆಗಳ ಇಂಗುಗುಂಡಿ ನೀರನ್ನು ಇಂಗಿಸಲಾರದು. ಗುಂಡಿಯ ನೀರು ಚರಂಡಿಗೆ, ಚರಂಡಿಯ ನೀರು ಹಳ್ಳಕ್ಕೆ, ಕೆಲವೆಡೆ ಪಕ್ಕದ ಬಾವಿಗೂ ಸೇರುತ್ತದೆ.

ಇಡೀ ಊರಿಗೆ ಒಳಚರಂಡಿ ಹಾಸಲು ದೊಡ್ಡ ಹಣ ಬೇಕು. ಏರುತಗ್ಗಿನ ನೆಲದಲ್ಲಿ ಅದು ಮತ್ತಷ್ಟು ಕಷ್ಟ. ಅದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬೆಂಗಳೂರಿನ ಸೆರಗಿನ ದೇವನಹಳ್ಳಿಯಲ್ಲಿ 2015ರಲ್ಲಿ ಸೆಪ್ಟಿಕ್ ಟ್ಯಾಂಕುಗಳ ಮಲದ ರಾಡಿಯನ್ನು ಸಂಸ್ಕರಿಸುವ ಘಟಕವನ್ನು ಆರಂಭಿಸಲಾಯಿತು. ಟ್ಯಾಂಕರಿನಲ್ಲಿ ತಂದ ರಾಡಿಯನ್ನು ಅಲ್ಲಿ ಕಳಿಸಿ, ಒಣಗಿಸಿ, ಪಟ್ಟಣದ ಹಸಿ ಕಸದೊಡನೆ ಸೇರಿಸಿ ಗೊಬ್ಬರವಾಗಿಸುವ ಕ್ರಮವಿದೆ. ಮಲೆನಾಡಿಗೆ ಇದನ್ನು ತರುವಾಗ ಒಣಗಿಸುವ ಹಾಸುಗಳಿಗೆ ಮಾಡು ಹೊದಿಸಬೇಕು, ಮಳೆಗಾಲದ ನಾಲ್ಕು ತಿಂಗಳಿಗೆ ಸಂಗ್ರಹದ ವ್ಯವಸ್ಥೆ ಬೇಕು. ಟ್ಯಾಂಕರಿನವರು ರಾತ್ರಿ ಹೊತ್ತು ಹಳ್ಳಕ್ಕೆ ಸುರಿಯದಂತೆ ಪ್ರತಿ ಸರದಿಯನ್ನೂ ದಾಖಲಿಸಬೇಕು. ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಪೌರಕಾರ್ಮಿಕರ ಜೀವದ ಹೊಣೆ ಪಂಚಾಯಿತಿಯದು.

ಎರಡನೆಯದು: ಕಸ

ಒಬ್ಬರಿಗೆ ದಿನಕ್ಕೆ ಕಾಲು ಕಿಲೋ ಎಂದು ಹಿಡಿದರೂ ಹದಿನೈದು ಸಾವಿರ ಜನರ ಊರಿನಲ್ಲಿ ಸುಮಾರು ಮೂರೂ ಮುಕ್ಕಾಲು ಟನ್ ಕಸ ಹುಟ್ಟುತ್ತದೆ. ಅದರಲ್ಲಿ ದೊಡ್ಡ ಪಾಲು ಅಡುಗೆಮನೆಯ, ತರಕಾರಿ ಅಂಗಡಿಯ ಹಸಿ ಕಸ. ಅಡಿಕೆ, ಬಾಳೆ, ಕಾಳುಮೆಣಸಿನ ತೋಟಗಳ ನಡುವಿರುವ ಊರಿಗೆ ಹಸಿ ಕಸ ಹೊರೆಯಾಗಬೇಕಾದ ಕಾರಣವೇ ಇಲ್ಲ. ಅದರಲ್ಲಿ ಪ್ಲಾಸ್ಟಿಕ್, ಗಾಜಿನ ಚೂರು, ಬಳಸಿದ ಬ್ಯಾಟರಿ ಬೆರೆತಾಗ ಮಾತ್ರ ಯಾವ ರೈತನೂ ಅದನ್ನು ತೋಟಕ್ಕೆ ಹಾಕಲಾರ. ಮೂಲದಲ್ಲಿಯೇ ಬೇರ್ಪಡಿಸುವುದನ್ನು 2016ರ ಘನತ್ಯಾಜ್ಯ ನಿಯಮಗಳು ಕಡ್ಡಾಯಗೊಳಿಸಿದವು. ಮನೆಯಲ್ಲಿ ಬೇರೆ ಮಾಡಿದ್ದನ್ನು ಗಾಡಿಯಲ್ಲಿ ಒಟ್ಟಿಗೆ ಸುರಿದರೆ ಮರುದಿನ ಯಾವ ಗೃಹಿಣಿಯೂ ಬೇರೆ ಮಾಡಲಾರಳು. ದೋಷ ಮೊದಲು ಸರಿಯಾಗಬೇಕಾದದ್ದು ಗಾಡಿಯಲ್ಲಿ.

ರಾಶಿ ಹಾಕಿ ಮರೆತ ಕಸ ಮಳೆನಾಡಿನಲ್ಲಿ ಏನು ಮಾಡಬಲ್ಲದೆಂಬುದಕ್ಕೆ ಮಂಗಳೂರಿನ ಪಚ್ಚನಾಡಿ ನಿದರ್ಶನ. 2019ರ ಆಗಸ್ಟ್ ಮಳೆಯಲ್ಲಿ ಅಲ್ಲಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಮನೆಗಳನ್ನೂ ಅಡಿಕೆ ತೋಟಗಳನ್ನೂ ಆವರಿಸಿತು. ಜನ ಮನೆ ಬಿಡಬೇಕಾಯಿತು. ಬೆಂಗಳೂರಿನ ಕಸದ ವಿರುದ್ಧ ಮಂಡೂರಿನ ಗ್ರಾಮಸ್ಥರು 2014ರಲ್ಲಿ ನಡೆಸಿದ ಹೋರಾಟವೂ ಇದೇ ಪಾಠವನ್ನು ಹೇಳುತ್ತದೆ. ಸಣ್ಣ ಪಟ್ಟಣಕ್ಕೆ ಇನ್ನೂ ಸಮಯವಿದೆ. ಅದರ ಕಸ ಇನ್ನೂ ಗುಡ್ಡವಾಗಿಲ್ಲ.

ಮೂರನೆಯದು: ನೆಲ

ಅಭ್ಯರ್ಥಿಗೆ ಅತ್ಯಂತ ಕಠಿಣವಾದ ವಿಷಯ ಇದೇ. ಪಟ್ಟಣದ ಅಂಚಿನ ಗದ್ದೆಗೆ ಮಣ್ಣು ತುಂಬಿ, ಗುಡ್ಡದ ಧರೆ ಕಡಿದು ನಿವೇಶನ ಮಾಡುವವರು ಊರಿನ ಪ್ರಭಾವಿಗಳಾಗಿರುತ್ತಾರೆ. ಚುನಾವಣೆಯ ಖರ್ಚಿಗೆ ಕೈ ನೀಡುವವರೂ ಎಷ್ಟೋ ಸಲ ಅವರೇ. ಬೈಲಿನ ಗದ್ದೆ ಮಳೆಗಾಲದಲ್ಲಿ ನೀರನ್ನು ತಡೆದು ನಿಲ್ಲಿಸುತ್ತದೆ, ಬೇಸಿಗೆಯ ಬಾವಿಗೆ ನೀರು ಕೂಡಿಸುತ್ತದೆ. ಅದನ್ನು ಮುಚ್ಚಿದರೆ ಜುಲೈನಲ್ಲಿ ರಸ್ತೆಗೆ ನೀರು, ಏಪ್ರಿಲಿನಲ್ಲಿ ಟ್ಯಾಂಕರ್. ಲಂಬವಾಗಿ ಕಡಿದ ಧರೆಯಂತೂ ಕುಸಿಯಲು ಕಾದಿರುತ್ತದೆ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡಗಳು ಜರಿದು ಜೀವಗಳು ಹೋದುದನ್ನು ಮಲೆನಾಡು ಮರೆತಿಲ್ಲ.

ಮನೆಯಿಲ್ಲದವರಿಗೆ ನಿವೇಶನ ಬೇಡವೇ ಎಂಬ ಪ್ರಶ್ನೆ ಇಲ್ಲಿ ನ್ಯಾಯವಾದದ್ದು. ಬಡಾವಣೆಯನ್ನು ಬರಿದೇ ವಿರೋಧಿಸುವ ಪರಿಸರದ ಮಾತು ಕೂಲಿಕಾರನ ಕಿವಿಗೆ ಉಳ್ಳವರ ಮಾತಾಗಿ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಗದ್ದೆ ತುಂಬಿಸಿದ ನಿವೇಶನಗಳು ಬಹುಮಟ್ಟಿಗೆ ಹಣ ಹೂಡುವವರ ಪಾಲಾಗುತ್ತವೆ. ಬಡವನಿಗೆ ಉಳಿಯುವುದು ಧರೆಯ ಬುಡ ಅಥವಾ ಹಳ್ಳದ ದಂಡೆ. ಕುಸಿತವೂ ನೆರೆಯೂ ಮೊದಲು ತಟ್ಟುವುದು ಅವನಿಗೇ. ಆದುದರಿಂದ ಇಳಿಜಾರು ಕಡಿಮೆಯಿರುವ, ಹಳ್ಳದಿಂದ ದೂರವಿರುವ ಸರ್ಕಾರಿ ಜಾಗವನ್ನು ಗುರುತಿಸಿ ವಸತಿರಹಿತರಿಗೆ ಮೀಸಲಿಡಿಸುವುದು, ಹಳ್ಳ ಮತ್ತು ಕಾಲುವೆಗಳ ಗಡಿಯನ್ನು ಸರ್ವೆ ಮಾಡಿಸಿ ಕಲ್ಲು ನೆಡಿಸುವುದು, ಇವೆರಡೂ ಒಟ್ಟಿಗೆ ಸಾಗಬೇಕಾದ ಕೆಲಸ.

ಭೂಪರಿವರ್ತನೆಗೆ ಅನುಮತಿ ನೀಡುವ ಅಧಿಕಾರ ಪಂಚಾಯಿತಿ ಸದಸ್ಯನಿಗಿಲ್ಲ ಎಂಬುದು ನಿಜ. ಅದು ಕಂದಾಯ ಇಲಾಖೆಯ ಕೈಯಲ್ಲಿದೆ. ಆದರೂ ಬಡಾವಣೆಗೆ ರಸ್ತೆ, ಚರಂಡಿ, ನೀರು ಬೇಕಾದಾಗ ಕಡತ ಪಂಚಾಯಿತಿಗೇ ಬರುತ್ತದೆ. ಮುಚ್ಚಿದ ಹಳ್ಳದ ವಿಷಯವನ್ನು ಸಭೆಯ ನಡಾವಳಿಯಲ್ಲಿ ಬರೆಸುವ ಒಬ್ಬ ಸದಸ್ಯನಿದ್ದರೆ ಅಷ್ಟರಿಂದಲೇ ಹಲವು ಕೆಲಸ ತಡೆಯುತ್ತದೆ.

ಹಣ ಮತ್ತು ಲೆಕ್ಕ

ಇವಕ್ಕೆಲ್ಲ ಹಣವೆಲ್ಲಿ? 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗವು ಸಣ್ಣ ನಗರ ಸಂಸ್ಥೆಗಳ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೇ ಕಟ್ಟಿಹಾಕಿತ್ತು. ತಮ್ಮ ಊರಿನಲ್ಲಿ ಅದು ಯಾವ ಕಾಮಗಾರಿಗೆ ಹೋಯಿತೆಂಬುದನ್ನು ಅಭ್ಯರ್ಥಿ ಚುನಾವಣೆಗೆ ಮೊದಲೇ ತಿಳಿದಿರಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿಯಲ್ಲಿ ಯಾವ ವಿದ್ಯಾರ್ಥಿಯೂ ಇದನ್ನು ಕೇಳಬಹುದು. ಉಳಿದ ಆಧಾರ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ. ತೆರಿಗೆ ಇಳಿಸುತ್ತೇನೆ, ಸೌಲಭ್ಯ ಏರಿಸುತ್ತೇನೆ ಎಂದು ಒಂದೇ ಬಾಯಿಯಲ್ಲಿ ಹೇಳುವವನು ಎರಡರಲ್ಲಿ ಒಂದನ್ನು ಸುಳ್ಳು ಹೇಳುತ್ತಿದ್ದಾನೆ. ದೊಡ್ಡ ವಸತಿಗೃಹ, ಕಲ್ಯಾಣ ಮಂಟಪಗಳಿಂದ ಬಾಕಿ ವಸೂಲು ಮಾಡಿ, ಬಡ ಮನೆಗಳಿಗೆ ಕಂತಿನ ಅವಕಾಶ ಕೊಡುತ್ತೇನೆ ಎನ್ನುವವನ ಮಾತು ನಂಬಿಕೆಗೆ ಅರ್ಹ.

ತನ್ನ ಅಧಿಕಾರದ ಗಡಿಯನ್ನು ಹೇಳಿಕೊಳ್ಳುವುದೂ ಪ್ರಾಮಾಣಿಕತೆಯ ಭಾಗ. ವಿದ್ಯುತ್ ಪೂರೈಕೆ, ರಾಷ್ಟ್ರೀಯ ಹೆದ್ದಾರಿ, ತಾಲೂಕು ಆಸ್ಪತ್ರೆ, ಅರಣ್ಯದ ಗಡಿ, ಇವು ಯಾವುವೂ ಪಟ್ಟಣ ಪಂಚಾಯಿತಿಯ ಆಡಳಿತದಲ್ಲಿಲ್ಲ. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ನೀರು, ನೈರ್ಮಲ್ಯ, ಭೂಬಳಕೆಯ ನಿಯಂತ್ರಣದ ಜೊತೆಗೆ ನಗರ ಅರಣ್ಯ ಹಾಗೂ ಪರಿಸರ ರಕ್ಷಣೆಯೂ ಅಲ್ಲಿದೆ. ಪರಿಸರ ಪಂಚಾಯಿತಿಯ ಕೆಲಸವಲ್ಲ ಎನ್ನುವವರಿಗೆ ಆ ಪಟ್ಟಿಯೇ ಉತ್ತರ.

ಕೇಳಬೇಕಾದ ಪ್ರಶ್ನೆಗಳು

ಕಾನೂನು ಕಡ್ಡಾಯಗೊಳಿಸದಿದ್ದರೂ ವಾರ್ಡಿನ ಸಭೆ ಕರೆಯುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಶಾಲೆಯ ಜಗಲಿಯಲ್ಲಿ ಜನರನ್ನು ಸೇರಿಸಿ ಖರ್ಚಿನ ಲೆಕ್ಕ ಓದುತ್ತೇನೆ ಎಂಬ ಲಿಖಿತ ಮಾತನ್ನು ಪ್ರತಿ ಅಭ್ಯರ್ಥಿಯಿಂದಲೂ ಪಡೆಯಬಹುದು. ಕಸ, ಕೊಳಚೆಗಳ ವಿಷಯ ಬಂದಾಗ ಕೆಳಗಿನ ಹಳ್ಳಿಗಳ ಗ್ರಾಮ ಪಂಚಾಯಿತಿಯವರನ್ನೂ ಆ ಸಭೆಗೆ ಕರೆಯುವ ಮಾತು ಅದರಲ್ಲಿ ಇರಬೇಕು.

ಮತದ ಹಕ್ಕು ಹದಿನೆಂಟಕ್ಕೆ, ಸ್ಪರ್ಧಿಸುವ ಅರ್ಹತೆ ಇಪ್ಪತ್ತೊಂದಕ್ಕೆ ಬರುತ್ತದೆ. ಸ್ಥಾನಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲು. ಇಂದು ಪದವಿ ತರಗತಿಯಲ್ಲಿರುವವರು ಮುಂದಿನ ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳೇ ಆಗಬಹುದು. ಅದಕ್ಕೆ ಸಿದ್ಧತೆಯಾಗಿ ಈ ಬೇಸಿಗೆಯಲ್ಲಿಯೇ ಮಾಡಬಹುದಾದ ಕೆಲಸವೊಂದಿದೆ: ಊರಿನ ಪ್ರತಿ ಹಳ್ಳವನ್ನು ಹುಟ್ಟಿನಿಂದ ಹೊಳೆ ಸೇರುವವರೆಗೆ ನಡೆದು ನೋಡಿ, ಎಲ್ಲಿ ಚರಂಡಿ ಸೇರುತ್ತದೆ, ಎಲ್ಲಿ ಮಣ್ಣು ತುಂಬಿದೆ, ಎಲ್ಲಿ ಧರೆ ಕಡಿದಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುವುದು. ಮತ ಕೇಳಲು ಬಂದ ಅಭ್ಯರ್ಥಿಯ ಮುಂದೆ ಆ ನಕ್ಷೆಯನ್ನು ಹರಡಿ, ಯಾವ ಗುರುತನ್ನು ಮೊದಲ ವರ್ಷದಲ್ಲಿ ಸರಿಪಡಿಸುವಿರಿ ಎಂದು ಕೇಳಬೇಕು. ಬಂದ ಉತ್ತರವನ್ನು ತಾರೀಖಿನೊಡನೆ ನಕ್ಷೆಯ ಹಿಂಬದಿಗೆ ಬರೆದಿಡಬೇಕು.