ಹಣೆಬರಹವಲ್ಲ, ಗೋದಾಮಿನ ಲೆಕ್ಕ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ಸೇರಿರುವ ಈ ಚಾಮರಾಜಪೇಟೆಯ ಪಕ್ಕದಲ್ಲೇ ಹೊಸ ತರಗುಪೇಟೆ ಇದೆ. 2021ರ ಸೆಪ್ಟೆಂಬರ್ 23ರಂದು ಅಲ್ಲಿನ ಗೋದಾಮೊಂದರಲ್ಲಿ ಪಟಾಕಿ ಸಿಡಿದು ಮೂವರು ಸತ್ತರು. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆ ಉರಿದಾಗ ಸತ್ತವರಲ್ಲಿ ಕೂಲಿಗೆ ಬಂದಿದ್ದ ವಿದ್ಯಾರ್ಥಿಗಳೂ ಇದ್ದರು. ಅದೇ ಡಿಸೆಂಬರ್‌ನಲ್ಲಿ ವಿಜಯಪುರದ ಗೋದಾಮಿನಲ್ಲಿ ಮೆಕ್ಕೆಜೋಳದಡಿ ಸಿಕ್ಕಿ ಬಿಹಾರದ ಏಳು ಕೂಲಿಕಾರರು ಸತ್ತರು. ಇಂಥ ಸಾವಿಗೆಲ್ಲ ನಮ್ಮ ಜನ ಹಣೆಬರಹ ಅಂತಾರೆ. ಈ ಹಣೆಬರಹ ಮೂಟೆ ಹೊರುವವನನ್ನೇ ಹುಡುಕಿಕೊಂಡು ಬರುತ್ತದಲ್ಲ, ಗಲ್ಲಾಪೆಟ್ಟಿಗೆಯ ಹತ್ತಿರ ಯಾಕೆ ಸುಳಿಯೋಲ್ಲ?

ತರಗುಪೇಟೆಯ ಗಲ್ಲಿಗಳಲ್ಲಿ ಮೂಟೆ ಇಳಿಸೋದು ಹಮಾಲಿಯ ಬೆನ್ನು. ಊರ ಹೊರಗೆ, ನೆಲಮಂಗಲ, ಹೊಸಕೋಟೆ ಕಡೆಯ ದೊಡ್ಡ ಗೋದಾಮುಗಳಿಗೆ ಫೋರ್ಕ್‌ಲಿಫ್ಟ್ ಬಂದಿದೆ. ರಜೆಯಲ್ಲಿ ನಮ್ಮ ಹುಡುಗರು ದುಡಿಯೋಕೆ ಹೋಗೋದು ಅಲ್ಲಿಗೇ. ಬೆನ್ನಿನ ಭಾರ ಇಳಿಸುವ ಯಂತ್ರವನ್ನು ನಾವು ಬೇಡ ಅನ್ನೋಲ್ಲ. ಆದರೆ ಅದರ ಗುಣ ತಿಳಿದಿರಬೇಕು. ಅದು ತಿರುಗೋದು ಹಿಂದಿನ ಚಕ್ರದಿಂದ. ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಬೀಸಿ ಪಕ್ಕದಲ್ಲಿದ್ದವನನ್ನು ಗೋಡೆಗೆ ಒತ್ತೀತು. ಎದುರಿಗೆ ಎತ್ತರದ ಸರಕಿದ್ದರೆ ಓಡಿಸುವವನಿಗೆ ದಾರಿ ಕಾಣೋಲ್ಲ. ಸರಕನ್ನು ಮೇಲೆತ್ತಿಕೊಂಡೇ ತಿರುಗಿಸಿದರೆ ಗಾಡಿ ಮಗುಚುತ್ತದೆ. ಆಗ ಹೊರಗೆ ನೆಗೆದವನ ಮೇಲೇ ಅದು ಬೀಳೋದು. ಬೆಲ್ಟ್ ಕಟ್ಟಿ ಒಳಗೇ ಕೂತವನು ಉಳಿದಾನು.

ಇದು ಮಾಲೀಕರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ನಡೆಯುವವರಿಗೆ ಬೇರೆ ದಾರಿ, ಓಡಿಸುವವನಿಗೆ ತರಬೇತಿ, ದಣಿವಿಗೆ ಬಿಡುವು: ಇಷ್ಟಕ್ಕೆ ಹಣ ಬೇಕು, ಹೊತ್ತು ಬೇಕು. ಲಾರಿ ತುಂಬುವ ಅವಸರದಲ್ಲಿ ಮೊದಲು ಕೈಬಿಡೋದು ಇದನ್ನೇ. ಹಾಗಾದರೆ ಇದು ಹಣೆಬರಹವೋ, ಲೆಕ್ಕವೋ?

ದಣಿದ ಮೈಯ ಕಷ್ಟ ಬಾಬಾಸಾಹೇಬರಿಗೆ ಗೊತ್ತಿತ್ತು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದು. ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ಇಳಿಸುವ ಮಸೂದೆ ತಂದವರು ಅವರೇ.

ಆದ್ದರಿಂದ ಗೋದಾಮಿಗೆ ಕಾಲಿಡುವ ಮುಂಚೆ ಕೇಳೋಣ: ನಡೆಯೋ ದಾರಿ ಯಾವುದು? ಗಾಡಿ ಓಡಿಸುವವನು ಕಲಿತವನೇ? ಪೆಟ್ಟಾದರೆ ಹೊಣೆ ಗುತ್ತಿಗೆದಾರನದೋ, ಮಾಲೀಕನದೋ? ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿದೆಯೇ? ಹೆಸರೇ ಇಲ್ಲದಿದ್ದರೆ ಸತ್ತ ಮೇಲೆ ಪರಿಹಾರ ಕೇಳುವ ತಾಯಿ ಯಾವ ಕಾಗದ ತೋರಿಸಬೇಕು? ಫೋರ್ಕಿನ ಮೇಲೆ ನಿಂತು ಮೇಲೇರು ಅಂದರೆ ಒಲ್ಲೆ ಅನ್ನೋಣ. ಒಬ್ಬ ಕೇಳಿದರೆ ನಾಳೆಯಿಂದ ಬರಬೇಡ ಅಂತಾರೆ. ಹತ್ತು ಜನ ಸೇರಿ ಕೇಳೋಣ. ನಾವು ಕಲಿತ ಅಕ್ಷರ ಮೊದಲು ಅಲ್ಲಿ ಕೆಲಸಕ್ಕೆ ಬರಲಿ: ಪಕ್ಕದ ಕೂಲಿಯವನಿಗೆ ಹಾಜರಿ ಪುಸ್ತಕ ಓದಿ ಹೇಳೋದಕ್ಕೆ.