ದ್ರವ್ಯದ ಸ್ಥಿತಿ ಮೂರೇ ಅಲ್ಲ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಘನ, ದ್ರವ, ಅನಿಲ ಎಂದು ನಾವು ಮೇಷ್ಟ್ರುಗಳು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದೆವು. ಹೈಸ್ಕೂಲಿಗೆ ಅಷ್ಟು ಸಾಕು. ಬಿಎಸ್ಸಿಗೆ ಹೊರಟ ನಿಮಗೆ ಅದರ ಮುಂದಿನದನ್ನೂ ಹೇಳಬೇಕು.

1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸರು, ಬೆಳಕಿನ ಕಣಗಳನ್ನು ಎಣಿಸುವ ಹೊಸ ಲೆಕ್ಕ ಬರೆದು ಐನ್‌ಸ್ಟೈನರಿಗೆ ಕಳಿಸಿದರು. ಐನ್‌ಸ್ಟೈನರು ತಾವೇ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಮಾಡಿಸಿದರು. ಅದೇ ಲೆಕ್ಕವನ್ನು ಪರಮಾಣುಗಳಿಗೆ ಹೊಂದಿಸಿ, ಅತಿ ಶೀತದಲ್ಲಿ ಅವೆಲ್ಲ ಒಂದೇ ಸ್ಥಿತಿಗೆ ಬಂದು ಸೇರುತ್ತವೆ ಎಂದರು. ಅದನ್ನು ಮಾಡಿ ತೋರಿಸಲು ಎಪ್ಪತ್ತು ವರ್ಷ ಹಿಡಿಯಿತು. 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೀಮನ್ ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ನಿಧಾನ ಮಾಡಿದರು. ಆಮೇಲೆ, ಚಹಾ ಹಬೆಯಾಡುತ್ತಾ ಆರುವ ಹಾಗೆ, ಚುರುಕಾದ ಪರಮಾಣುಗಳನ್ನು ಹೊರಗೆ ಬಿಡುತ್ತಾ ಹೋದರು. ಸುಮಾರು ಎರಡು ಸಾವಿರ ಪರಮಾಣುಗಳು ಒಂದಾದವು. ಆಗಿನ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲಿ ಎರಡು ಪಾಲೂ ಮೇಲಿರಲಿಲ್ಲ.

ಇನ್ನು ಕಾಲದ ಹರಳು. ಉಪ್ಪಿನ ಹರಳಿನಲ್ಲಿ ಕಣಗಳ ಜೋಡಣೆ ಜಾಗದಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಲದಲ್ಲೂ ತಾನಾಗಿ ಹಾಗೆ ಮರುಕಳಿಸುವ ದ್ರವ್ಯ ಇರಬಹುದೇ ಎಂದು 2012ರಲ್ಲಿ ಫ್ರಾಂಕ್ ವಿಲ್ಚೆಕ್ ಕೇಳಿದರು. ಸಮತೋಲ ಸ್ಥಿತಿಯಲ್ಲಿ ಸಾಧ್ಯವೇ ಇಲ್ಲ ಎಂದು 2015ರಲ್ಲಿ ಜಪಾನಿನ ವತನಬೆ, ಓಶಿಕಾವಾ ಸಾಧಿಸಿ ತೋರಿಸಿದರು. ನಮಗೆ ಬಹಳ ಹಿಡಿಸಿದ ಭಾಗ ಇದು. ಹಾಗಾದರೆ ಸಮತೋಲ ಕೆಡಿಸಿ ನೋಡೋಣ ಎಂದು ಹೊರಟರು! ಮೇರಿಲ್ಯಾಂಡಿನಲ್ಲಿ ಹತ್ತು ಯಟರ್ಬಿಯಂ ಅಯಾನುಗಳ ಸಾಲನ್ನು ಲೇಸರ್‌ನಿಂದ ತಟ್ಟುತ್ತಾ ಹೋದಾಗ, ಎರಡು ತಟ್ಟಿಗೆ ಒಂದು ಸಲ ಅವು ಮೊದಲಿನ ಸ್ಥಿತಿಗೆ ಬಂದವು. ತಟ್ಟುವುದರಲ್ಲಿ ಸ್ವಲ್ಪ ಏರುಪೇರಾದರೂ ತಾಳ ತಪ್ಪಲಿಲ್ಲ. 2017ರಲ್ಲಿ ಅದು ಪ್ರಕಟವಾಯಿತು. 2022ರಲ್ಲಿ ಹ್ಯಾಂಬರ್ಗ್‌ನವರು ಕನ್ನಡಿಗಳ ನಡುವೆ ಅತಿಶೀತಲ ರುಬಿಡಿಯಂ ಇಟ್ಟು ಒಂದೇ ಸಮನೆ ಬೆಳಕು ಬಿಟ್ಟರು; ತಟ್ಟುವವರಿಲ್ಲದೆಯೂ ಅದು ತಾಳ ಹಿಡಿಯಿತು. (ಇದರಿಂದ ಪುಕ್ಕಟೆ ವಿದ್ಯುತ್ ಸಿಗುತ್ತದೆ ಎಂದು ಯಾರಾದರೂ ಮೊಬೈಲಿನಲ್ಲಿ ಕಳಿಸಿದರೆ ನಂಬಬೇಡಿ.)

ಇದನ್ನೆಲ್ಲ ಓದಿದರೆ ಹೊಟ್ಟೆಗೇನು ಎಂದು ಪೋಷಕರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಶೀತಲ ಪರಮಾಣುಗಳ ಪ್ರಯೋಗಾಲಯವಿದೆ, ಪಿಎಚ್‌ಡಿ ಮಾಡುವವರಿಗೆ ಫೆಲೋಶಿಪ್ ಇದೆ. ಅಲ್ಲಿಗೆ ಮುಟ್ಟುವ ಮುಂಚಿನ ಐದು ವರ್ಷವೇ ಕಷ್ಟದ್ದು. ಎರಡನೇ ವರ್ಷಕ್ಕೆ ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಮಗಳು ಫಿಸಿಕ್ಸ್ ಓದುತ್ತೇನೆ ಎಂದರೆ ದಯವಿಟ್ಟು ನಡುವೆ ನಿಲ್ಲಿಸಬೇಡಿ. ನವೀಕರಣದ ಅರ್ಜಿ ಕಚೇರಿಯಲ್ಲಿದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಸೇರಿಸಿ ಕೊಡಿ. ತುಂಬಲು ಗೊತ್ತಾಗದಿದ್ದರೆ ಭಾನುವಾರ ಬೆಳಿಗ್ಗೆ ನಾವು ಇಲ್ಲೇ ಇರುತ್ತೇವೆ.