ಸಮಾಜ ವಿಜ್ಞಾನದ ಮೇಷ್ಟರಾಗುವವರಿಗೆ

(ಬಿ.ಎಡ್. ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಒಂದು ವರ್ಷವಿದ್ದ ಬಿ.ಎಡ್. 2014ರ ನಿಯಮಗಳಿಂದ ಎರಡು ವರ್ಷವಾಯಿತು. ಕೂಲಿಕಾರನ ಮನೆಗೆ ಇದು ಇನ್ನೊಂದು ವರ್ಷದ ದುಡಿಮೆಯ ನಷ್ಟ. ಅದಕ್ಕೆ ತಕ್ಕ ವಿದ್ಯೆ ದೊರೆಯುತ್ತಿದೆಯೇ ಎಂದು ಕೇಳುವ ಹಕ್ಕು ನಿಮಗುಂಟು. ಪಾಠಯೋಜನೆಯ ಪುಸ್ತಕಕ್ಕೆ ಬಣ್ಣದ ಗೆರೆ ಎಳೆಯುವುದರಲ್ಲೇ ಆ ವರ್ಷ ಸವೆದುಹೋಗಬಾರದು.

ಕನಿಷ್ಠ 20 ವಾರ ಶಾಲೆಗಳಲ್ಲಿ ಕಳೆಯಬೇಕೆಂದೂ ಅದೇ ನಿಯಮ ಹೇಳಿತು. ಮೇಷ್ಟರಾಗಿದ್ದ ನಮ್ಮ ದೃಷ್ಟಿಯಲ್ಲಿ ನಿಜವಾದ ಓದು ಅಲ್ಲಿಯೇ. ಇತಿಹಾಸದಲ್ಲಿ ಪದವಿ ಪಡೆದವರು ಭೂಗೋಳ, ಅರ್ಥಶಾಸ್ತ್ರಗಳನ್ನೂ ಹೇಳಬೇಕಲ್ಲ ಎಂದು ಅಂಜುತ್ತೀರಿ. ಊರಿನಲ್ಲಿ ಇವು ಬೇರೆಬೇರೆಯಾಗಿರುವುದಿಲ್ಲ.

ಸಾಗರ ತಾಲ್ಲೂಕಿನ ಕಾಗೋಡನ್ನೇ ತೆಗೆದುಕೊಳ್ಳಿ. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಇಸವಿ ಬಾಯಿಪಾಠ ಮಾಡಿಸಿದರೆ ಪಾಠ ಮುಗಿಯಿತೇ? ಜಗಳ ಎದ್ದದ್ದು ಗೇಣಿಭತ್ತ ಅಳೆಯುವ ಕೊಳಗದ ಮೇಲೆ. ತರಗತಿಗೆ ಎರಡು ಡಬ್ಬ ತನ್ನಿ. ಒಂದು ಕೊಂಚ ದೊಡ್ಡದಿರಲಿ. ಮಕ್ಕಳೇ ಭತ್ತ ಅಳೆಯಲಿ. ಇಪ್ಪತ್ತು ಅಳತೆಗೆ ಎಷ್ಟು ಹೆಚ್ಚು ಹೋಯಿತೆಂದು ಅವರೇ ಲೆಕ್ಕ ಹಾಕಲಿ. ಮಳೆ, ಗದ್ದೆ, ಒಡೆತನ, ಕಾನೂನು ಎಲ್ಲವೂ ಆ ಭತ್ತದ ಬೆನ್ನಿಗೇ ಬರುತ್ತವೆ. (ಪರೀಕ್ಷೆಗಾಗಿ ಇಸವಿಯನ್ನೂ ಹಲಗೆಯ ಮೇಲೆ ಬರೆಯಿರಿ, ಬೇಡವೆನ್ನೆವು.)

ಗೇಣಿದಾರರಿಗೆ ಭೂಮಿ ಕೊಡಿಸಿದ 1974ರ ತಿದ್ದುಪಡಿಯನ್ನು ಆಮೇಲೆ ಹೇಳಿ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮ್ಮಜ್ಜನಿಗೆ ಯಾಕೆ ಸಿಗಲಿಲ್ಲ ಸಾರ್?" ಎಂದು ಕೇಳಿಯಾಳು. ಉತ್ತರ ಕೈಪಿಡಿಯಲ್ಲಿಲ್ಲ. ಅಜ್ಜ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದನೇ? ಪಹಣಿಯಲ್ಲಿ ಹೆಸರಿತ್ತೇ? ಇಲ್ಲಾ, ಗೇಣಿಯೂ ಇಲ್ಲದ ಬರಿಯ ಕೂಲಿಯಾಳೇ? ಅವಳ ಜೊತೆ ಕೂತು ನೀವೂ ಹುಡುಕಬೇಕಾಗುತ್ತದೆ.